ಮಳೆ ಪುಸ್ತಕ ಹಿಡಿದು ಪೈಥಾನ್ ಕಲಿಯುವುದು: ಬಿಎ, ಬಿಕಾಂ, ಬಿಎಸ್ಸಿಯವರಿಗೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಮಳೆ ಪುಸ್ತಕ ಹುಡುಕಿಕೊಳ್ಳಿ. ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ತೋಟದ ಮನೆಗಳಲ್ಲಿ ಅಂಗಳದ ಮೂಲೆಯಲ್ಲೊಂದು ಮಳೆ ಮಾಪಕ ಇರುತ್ತದೆ. ಬೆಳಿಗ್ಗೆ ಅಜ್ಜನೋ, ತೋಟದ ರೈಟರೋ ಹೋಗಿ ಅಳತೆ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ: ‘1 ಇಂಚು 20 ಸೆಂಟು’. ನೂರು ಸೆಂಟಿಗೆ ಒಂದು ಇಂಚು. ಒಂದು ಮಳೆಗಾಲದ ಲೆಕ್ಕ ಇದ್ದರೆ ಸಾಕು, ಪ್ರೋಗ್ರಾಮಿಂಗಿನ ಮೊದಲ ಆರು ತಿಂಗಳಿಗೆ ಬೇಕಾದ ಅಭ್ಯಾಸವೆಲ್ಲ ಅದರೊಳಗೇ ಇದೆ.

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ. ತರಗತಿ ಮುಗಿದ ಮೇಲೆ ಆಸಕ್ತಿ ಇದ್ದವರನ್ನು ಲ್ಯಾಬಿನಲ್ಲಿ ಕೂರಿಸಿಕೊಂಡು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಬರುವವರೆಲ್ಲ ಮೊದಲು ಹೇಳುವುದು ಒಂದೇ: ‘ಮೇಡಂ, ನಮ್ಗೆ ಮ್ಯಾತ್ಸ್ ಬರಲ್ಲ.’ ಬೇಕಾಗುವ ಗಣಿತ ಏಳನೇ ಕ್ಲಾಸಿನದು, ಅದರ ಚಿಂತೆ ಬಿಡಿ. ಬೇಕಾಗುವುದು ಬೇರೊಂದು: ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆ.

ಯಂತ್ರ ತಪ್ಪು ಉತ್ತರವನ್ನೂ ಸರಿ ಉತ್ತರದಷ್ಟೇ ಗಂಭೀರವಾಗಿ ಕೊಡುತ್ತದೆ. ಪುಸ್ತಕದಲ್ಲಿರುವ ‘ಫಿಬೊನಾಚಿ ಸರಣಿ ಬರೆಯಿರಿ’ ಎಂಬ ಲೆಕ್ಕದಲ್ಲಿ ಉತ್ತರ ಸರಿಯೋ ತಪ್ಪೋ ಎಂದು ವಾಣಿಜ್ಯ ಓದುವ ಹುಡುಗಿಗೆ ಹೊಟ್ಟೆಯೊಳಗೆ ಅನ್ನಿಸುವುದಿಲ್ಲ. ಅದೇ ಮನೆಯ ಡೈರಿಯ ಜುಲೈ ತಿಂಗಳ ಒಟ್ಟು ಮಳೆ 3 ಇಂಚು ಎಂದು ಬಂದರೆ ತಕ್ಷಣ ನಗು ಬರುತ್ತದೆ. ಆ ನಗು ಬರುವ ಕಡೆಯಿಂದಲೇ ಕಲಿಕೆ ಶುರುವಾಗಬೇಕು.

ನಿಮ್ಮೂರಲ್ಲಿ ಮಳೆ ಪುಸ್ತಕ ಇಲ್ಲವೇ? ಡೇರಿಯ ಪಾಸ್ ಪುಸ್ತಕ ತನ್ನಿ. ಲೀಟರು, ಫ್ಯಾಟು, ದರ, ಮೊತ್ತ ಎಲ್ಲ ಅದರಲ್ಲಿದೆ, ಬಿಕಾಂನವರಿಗೆ ಮಳೆಗಿಂತ ಅದೇ ಚೆನ್ನ. ಅರ್ಥಶಾಸ್ತ್ರದವರು ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ತಮ್ಮ ಎಪಿಎಂಸಿಯ ತೊಗರಿ, ಮೆಣಸಿನಕಾಯಿ, ಅಡಿಕೆ ಧಾರಣೆ ಬರೆದುಕೊಳ್ಳಬಹುದು. ಕನ್ನಡ ಐಚ್ಛಿಕದವರ ಬಳಿ ಇನ್ನೂ ಸೊಗಸಾದ ಸಾಮಗ್ರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲಿ ಬರೆಯುವುದು

ಯಾವ ಭಾಷೆ ಎಂಬ ಚರ್ಚೆಗೆ ಹೋಗಬೇಡಿ, ಪೈಥಾನ್ ಸಾಕು. ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಭಾಷೆ ಇದು, ಈಗ ಬಳಕೆಯಲ್ಲಿರುವುದು ಅದರ ಮೂರನೇ ಆವೃತ್ತಿ. ಎರಡನೇ ಆವೃತ್ತಿಗೆ 2020ರ ಜನವರಿ 1ರಂದೇ ತೆರೆಬಿತ್ತು. ಆದರೂ ಯೂಟ್ಯೂಬಿನಲ್ಲಿ ಹಳೇ ಪಾಠಗಳು ಹಾಗೇ ಇವೆ. ಗುರುತು ಹಿಡಿಯುವುದು ಸುಲಭ: ಪರದೆಯ ಮೇಲೆ ತೋರಿಸು ಎನ್ನುವ ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆ ಹಾಕದೆ ಬರೆಯುತ್ತಿದ್ದರೆ ಆ ವಿಡಿಯೊ ಹಳೆಯದು, ಮುಚ್ಚಿಬಿಡಿ.

ಸ್ವಂತ ಲ್ಯಾಪ್‌ಟಾಪ್ ಇದ್ದರೆ ಪ್ರೋಗ್ರಾಮು ಬರೆದು ಓಡಿಸುವ ಥಾನಿ (Thonny) ಎಂಬ ತಂತ್ರಾಂಶ ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಮಾಡಿದ್ದು, ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ, ಪೈಥಾನ್ ಅದರೊಟ್ಟಿಗೇ ಬರುತ್ತದೆ. ಪ್ರೋಗ್ರಾಮಿನಲ್ಲಿ ನೀವಿಟ್ಟ ಯಾವ ಹೆಸರಿನಲ್ಲಿ ಈಗ ಯಾವ ಬೆಲೆ (ಅಂಕಿಯೋ ಪಠ್ಯವೋ) ಕೂತಿದೆ ಎಂದು ಪಕ್ಕದಲ್ಲೇ ತೋರಿಸುತ್ತದೆ. ಲ್ಯಾಬಿನ ಯಂತ್ರದಲ್ಲಿ ಏನನ್ನೂ ಹಾಕಲು ಬಿಡದಿದ್ದರೆ ಗೂಗಲ್ ಕೊಲ್ಯಾಬ್ ಬಳಸಿ, ಬ್ರೌಸರ್ ಮತ್ತು ಜಿಮೇಲ್ ಇದ್ದರಾಯಿತು. ಬರೀ ಫೋನ್ ಇರುವವರಿಗೂ ದಾರಿ ಇದೆ, ಕೊಲ್ಯಾಬ್ ಫೋನಿನ ಬ್ರೌಸರಿನಲ್ಲೂ ತೆರೆಯುತ್ತದೆ. ಆದರೆ ಸಾಲಿನ ಮೊದಲ ಖಾಲಿ ಜಾಗ ಲೆಕ್ಕಕ್ಕೆ ಬರುವ ಭಾಷೆಯನ್ನು ಹೆಬ್ಬೆರಳಲ್ಲಿ ಬರೆಯುವುದು ಕಷ್ಟವೇ. ವಾರಕ್ಕೆರಡು ಸಲವಾದರೂ ಕೀಲಿಮಣೆ ಸಿಗುವ ಹಾಗೆ ನೋಡಿಕೊಳ್ಳಿ.

ಒಂದು ಮಾತು. ಇಲ್ಲಿ ಫಾರ್, ಇಫ್, ಪ್ರಿಂಟ್ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಒತ್ತಬೇಕು. ಭಾಷೆಯ ಸ್ವಂತ ಪದಗಳು ಮೂವತ್ತೈದು, ಶುರುವಿನಲ್ಲಿ ಹತ್ತು ಬಂದರೆ ಬೇಕಾದಷ್ಟಾಯಿತು. ಆದರೆ ನೀವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಪೈಥಾನ್ ಮೂರು ಅದನ್ನು ಒಪ್ಪುತ್ತದೆ:

ಸೆಂಟು = 120
ಮಿಮೀ = ಸೆಂಟು * 0.254

ಒಂದು ಇಂಚಿಗೆ 25.4 ಮಿಲಿಮೀಟರ್, ಆದ್ದರಿಂದ ಒಂದು ಸೆಂಟಿಗೆ 0.254. ಇದು ನಿಮ್ಮ ಮೊದಲ ಪ್ರೋಗ್ರಾಮು. ಮಿಮೀ ಎಷ್ಟು ಎಂದು ಪ್ರಿಂಟ್ ಮಾಡಿಸಿ, 30.48 ಬರಬೇಕು.

ಬಿಸಿಎ ಓದುವ ಗೆಳೆಯರು ಈ ಕನ್ನಡ ಹೆಸರುಗಳನ್ನು ನೋಡಿ ನಕ್ಕಾರು. ನಗಲಿ. ಮೊದಲ ಕೆಲವು ತಿಂಗಳು ಯೋಚನೆ ಯಾವ ಭಾಷೆಯಲ್ಲಿ ಓಡುತ್ತದೋ ಹೆಸರೂ ಅದರಲ್ಲೇ ಇರಲಿ. ನಾಳೆ ಇನ್ನೊಬ್ಬರ ಜೊತೆ ಸೇರಿ ಕೆಲಸ ಮಾಡುವಾಗ ಇಂಗ್ಲಿಷ್ ಹೆಸರಿಗೆ ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಎರಡು ಎಚ್ಚರ ಮಾತ್ರ ಬೇಕು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ, ಯೂನಿಕೋಡಿನಲ್ಲೇ ಬರೆಯಿರಿ. ಇನ್ನೊಂದು, ಅರ್ಧಾಕ್ಷರ ಬಿಡಿಸಿ ತೋರಿಸಲು ಕೀಲಿಮಣೆ ಹಾಕುವ ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಸೇರಿದರೆ ಪೈಥಾನ್ ಒಪ್ಪುವುದಿಲ್ಲ. ‘ಲ್ಯಾಪ್‌ಟಾಪ್’ ಥರದ ಪದಗಳನ್ನು ಹೆಸರಾಗಿ ಇಡಬೇಡಿ. ಮಳೆ, ದಿನ, ಮೊತ್ತ ಇಂಥವು ಸುಖ.

ಸಂಖ್ಯೆ ಬರೆಯುವಾಗ ನಮ್ಮ ಬಿಕಾಂನವರು ಬೀಳುವ ಗುಂಡಿ ಒಂದಿದೆ. ಲೆಡ್ಜರಿನ ಅಭ್ಯಾಸದಲ್ಲಿ ಸಾವಿರಕ್ಕೆ ಅಲ್ಪವಿರಾಮ ಹಾಕಿ ‘ಮಳೆ = 1,250’ ಎಂದು ಬರೆಯುತ್ತಾರೆ. ಪೈಥಾನ್ ತಕರಾರು ಮಾಡುವುದಿಲ್ಲ, ಅದೇ ಅಪಾಯ. 1 ಮತ್ತು 250 ಎಂಬ ಎರಡು ಸಂಖ್ಯೆಗಳ ಜೋಡಿ ಎಂದುಕೊಂಡು ಇಟ್ಟುಕೊಳ್ಳುತ್ತದೆ. ಓದಲು ಅನುಕೂಲ ಬೇಕಿದ್ದರೆ ಅಲ್ಪವಿರಾಮದ ಜಾಗದಲ್ಲಿ ಅಡಿಗೆರೆ ಹಾಕಿ, 1_250. ಹಾಗೆಯೇ, ಬಳಕೆದಾರರಿಂದ ಇನ್‌ಪುಟ್ ತೆಗೆದುಕೊಂಡದ್ದು ಯಾವಾಗಲೂ ಪಠ್ಯ, ಸಂಖ್ಯೆಯಲ್ಲ. 25 ಎಂದು ಎರಡು ಸಲ ಕೊಟ್ಟು ಕೂಡಿಸಿದರೆ 50 ಬರದೆ 2525 ಬರುತ್ತದೆ. ಇಂಟ್ ಎಂಬುದರೊಳಗೆ ಹಾಕಿ ಸಂಖ್ಯೆ ಮಾಡಿಕೊಳ್ಳಬೇಕು.

ಮಳೆಯನ್ನು ಪೂರ್ಣ ಸೆಂಟುಗಳಲ್ಲೇ ಇಟ್ಟುಕೊಳ್ಳಿ, ಮಿಲಿಮೀಟರು ಕೊನೆಗೆ ಮಾಡಿ. ದಶಮಾಂಶವನ್ನು ಯಂತ್ರ ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ. ಹಣದ ಲೆಕ್ಕಕ್ಕೂ ಇದೇ ಉಪಾಯ, ಪೈಸೆಯಲ್ಲಿ ಇಡಿ.

ಕೂಡುವುದು, ಎಣಿಸುವುದು

ಒಂದು ತಿಂಗಳ ಅಳತೆಗಳನ್ನು ಚೌಕ ಆವರಣದೊಳಗೆ ಒಂದರ ಪಕ್ಕ ಒಂದು ಬರೆದರೆ ಅದು ಲಿಸ್ಟ್. ಫಾರ್ ಎಂಬುದು ಲಿಸ್ಟಿನ ಒಂದೊಂದು ಅಳತೆಯನ್ನೂ ಎತ್ತಿ ನಿಮ್ಮ ಕೈಗೆ ಕೊಡುತ್ತದೆ. ಮೊತ್ತವನ್ನು ಮೊದಲು ಸೊನ್ನೆ ಮಾಡಿಕೊಳ್ಳಿ. ಫಾರ್ ಒಳಗೆ ನಾಲ್ಕು ಖಾಲಿ ಜಾಗ ಬಿಟ್ಟು ಬರೆಯುವ ಸಾಲು ಇದು:

ಮೊತ್ತ = ಮೊತ್ತ + ಇಂದಿನ_ಮಳೆ

ಇಲ್ಲಿ ಬಹಳ ಜನ ನಿಲ್ಲುತ್ತಾರೆ. ಗಣಿತ ಚೆನ್ನಾಗಿ ಬರುವವರೇ ಹೆಚ್ಚು ನಿಲ್ಲುತ್ತಾರೆ, ‘ಮೊತ್ತ ಅದಕ್ಕಿಂತ ದೊಡ್ಡದಕ್ಕೆ ಸಮ ಹೇಗಾಗುತ್ತೆ ಮೇಡಂ?’ ಎಂದು. ಸಮ ಆಗುವುದಿಲ್ಲ. ಬಲಗಡೆಯದನ್ನು ಮೊದಲು ಲೆಕ್ಕ ಹಾಕು, ಬಂದದ್ದನ್ನು ಎಡಗಡೆಯ ಹೆಸರಿನಲ್ಲಿ ಇಡು, ಅಲ್ಲಿ ಮೊದಲಿದ್ದದ್ದು ಹೋಗಲಿ, ಇಷ್ಟೇ ಆಜ್ಞೆ.

ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಹಾಳೆ ತೆಗೆದುಕೊಂಡು ಎರಡು ಕಾಲಂ ಎಳೆಯಿರಿ, ಒಂದು ‘ಇಂದಿನ_ಮಳೆ’, ಇನ್ನೊಂದು ‘ಮೊತ್ತ’. ಐದು ದಿನದ ಅಳತೆ ಇಟ್ಟುಕೊಂಡು ನೀವೇ ಯಂತ್ರವಾಗಿ ಒಂದೊಂದು ಸಾಲು ನಡೆಸಿ, ಹಳೆಯದನ್ನು ಹೊಡೆದು ಹೊಸದನ್ನು ಬರೆಯಿರಿ. ಪೈಥಾನ್ ಟ್ಯೂಟರ್ ಎಂಬ ಜಾಲತಾಣ ಇದನ್ನೇ ಪರದೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ನೋಡಿ, ಆದರೆ ಹಾಳೆಯ ಮೇಲೆ ಮಾಡಿದ ನಂತರ. ನನ್ನ ಲ್ಯಾಬಿನಲ್ಲಿ ಪೆನ್ನು ತರದವರಿಗೆ ಯಂತ್ರ ಸಿಗುವುದಿಲ್ಲ.

ಮುಂದಿನದು ಇಫ್, ‘ಹೀಗಿದ್ದರೆ ಹೀಗೆ ಮಾಡು’ ಎನ್ನುವ ಪದ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ‘ಮಳೆ ದಿನ’. ನಿಮ್ಮ ಡೈರಿಯಲ್ಲಿ ಎಷ್ಟು ಮಳೆ ದಿನ ಎಣಿಸಿ. 10 ಸೆಂಟು ಎಂದರೆ 2.54, ಗೆರೆ ದಾಟಿತು. 9 ಸೆಂಟು 2.286, ದಾಟಲಿಲ್ಲ. ಹಾಗಾಗಿ ‘10ಕ್ಕಿಂತ ಹೆಚ್ಚು’ ಎಂದು ಬರೆದವರ ಲೆಕ್ಕಕ್ಕೂ ‘10 ಅಥವಾ ಹೆಚ್ಚು’ ಎಂದು ಬರೆದವರ ಲೆಕ್ಕಕ್ಕೂ ವ್ಯತ್ಯಾಸ ಬರುತ್ತದೆ. ಸರಿಯಾಗಿ 10 ಸೆಂಟು ಬಿದ್ದ ಒಂದು ದಿನವನ್ನು ಬೇಕೆಂದೇ ಲಿಸ್ಟಿಗೆ ಸೇರಿಸಿ ಓಡಿಸಿ ನೋಡಿ. ಗೆರೆಯ ಮೇಲೆ ಕೂತ ಸಂಖ್ಯೆಯನ್ನು ಕೊಟ್ಟು ಪರೀಕ್ಷಿಸುವ ಈ ಚಟ ಈಗಲೇ ಹತ್ತಿದರೆ ಒಳ್ಳೆಯದು.

ಆಮೇಲೆ ದಿನಗಳನ್ನು ವಿಂಗಡಿಸಿ. ಇಲಾಖೆಯ ಲೆಕ್ಕದಲ್ಲಿ 64.5ರಿಂದ 115.5 ಮಿಲಿಮೀಟರು ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, 204.5 ಮತ್ತು ಮೇಲೆ ಅತ್ಯಂತ ಭಾರಿ. ಆಗುಂಬೆ ಕಡೆಯವರಿಗೆ ಮೂರೂ ಬೇಕಾಗುತ್ತವೆ. ಇಫ್, ಅದಾಗದಿದ್ದರೆ ಮುಂದಿನದನ್ನು ಕೇಳುವ ಎಲಿಫ್ ಬರೆಯುವಾಗ ದೊಡ್ಡದರಿಂದ ಕೆಳಗೆ ಬನ್ನಿ. ಸಣ್ಣದನ್ನು ಮೊದಲು ಕೇಳಿದರೆ 210 ಮಿಲಿಮೀಟರು ಸುರಿದ ದಿನವೂ ಮೊದಲ ಬಾಗಿಲಲ್ಲೇ ಒಳಗೆ ಹೋಗಿ ‘ಭಾರಿ’ ಎನಿಸಿಕೊಂಡು ಕೂತುಬಿಡುತ್ತದೆ, ಉಳಿದ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ತಮಾಷೆ ನೋಡಿ. 455 ಸೆಂಟು ಎಂದರೆ 115.57 ಮಿಲಿಮೀಟರು, 115.5ಕ್ಕೂ 115.6ಕ್ಕೂ ನಡುವೆ. ಅದು ಯಾವ ಗುಂಪು? ಪಟ್ಟಿ ಒಂದು ದಶಮಾಂಶಕ್ಕೆ ಬರೆದದ್ದು, ಆದ್ದರಿಂದ ಮೊದಲು ರೌಂಡ್ ಮಾಡಿ 115.6 ಎಂದುಕೊಂಡು ಅತಿ ಭಾರಿಗೆ ಸೇರಿಸಬೇಕು. ನೀವು ಹೇಳದಿದ್ದರೆ ಪ್ರೋಗ್ರಾಮು ಇದನ್ನು ತನಗೆ ತೋಚಿದ ಕಡೆ ಹಾಕುತ್ತದೆ, ಅಥವಾ ಎಲ್ಲಿಗೂ ಹಾಕುವುದಿಲ್ಲ.

ಬಿಡುವಿನ ಲೆಕ್ಕ

ಈಗ ನಿಜವಾದ ಪರೀಕ್ಷೆ. ಸತತವಾಗಿ ಅತಿ ಹೆಚ್ಚು ದಿನ ಮಳೆ ಇಲ್ಲದೆ ಇದ್ದದ್ದು ಎಷ್ಟು ದಿನ? ಗದ್ದೆಯವರಿಗೆ ಒಟ್ಟು ಮಳೆಗಿಂತ ಇದೇ ಮುಖ್ಯ. ಕಂಪ್ಯೂಟರಿನವರ ಕಣ್ಣಿಗೆ ಇದು ಸಣ್ಣ ಲೆಕ್ಕ, ಆದರೆ ಇದನ್ನು ಸ್ವಂತ ತಲೆಯಿಂದ ಬರೆದವರಿಗೆ ಪ್ರೋಗ್ರಾಮಿಂಗ್ ಬಂತು ಎಂದೇ ನಾನು ಲೆಕ್ಕ ಹಾಕುವುದು.

ಎರಡು ಹೆಸರು ಬೇಕು. ‘ಈಗಿನ_ಬಿಡುವು’ ಮತ್ತು ‘ಉದ್ದದ_ಬಿಡುವು’, ಎರಡೂ ಸೊನ್ನೆಯಿಂದ ಶುರು. ದಿನದ ಮಳೆ 10 ಸೆಂಟಿಗಿಂತ ಕಡಿಮೆ ಇದ್ದರೆ ಈಗಿನ ಬಿಡುವಿಗೆ ಒಂದು ಸೇರಿಸಿ, ಇಲ್ಲದಿದ್ದರೆ ಅದನ್ನು ಸೊನ್ನೆ ಮಾಡಿ. ಆಮೇಲೆ, ಮಳೆ ಬಂದಿರಲಿ ಬಿಟ್ಟಿರಲಿ, ಈಗಿನದು ಉದ್ದದ್ದಕ್ಕಿಂತ ದೊಡ್ಡದಾಗಿದೆಯೇ ಎಂದು ನೋಡಿ, ಆಗಿದ್ದರೆ ಉದ್ದದ್ದನ್ನು ಬದಲಾಯಿಸಿ. ಈ ಲಿಸ್ಟ್ ಕೊಟ್ಟು ನೋಡಿ:

40, 0, 0, 15, 0, 0, 0, 0

ಈಗಿನ_ಬಿಡುವು 0, 1, 2, 0, 1, 2, 3, 4 ಎಂದು ನಡೆಯಬೇಕು, ಉದ್ದದ_ಬಿಡುವು 0, 1, 2, 2, 2, 2, 3, 4 ಎಂದು. ಉತ್ತರ 4.

ಹೆಚ್ಚಿನವರಿಗೆ 2 ಬರುತ್ತದೆ. ಕಾರಣ ಒಂದೇ: ಹೋಲಿಸುವ ಸಾಲನ್ನು ‘ಮಳೆ ಬಂತು’ ಎಂಬ ಭಾಗದೊಳಗೆ, ಸೊನ್ನೆ ಮಾಡುವ ಮೊದಲು ಬರೆದಿರುತ್ತಾರೆ. ಮಳೆ ಬಂದಾಗ ಬಿಡುವು ಮುಗಿಯಿತು, ಆಗ ಅಳೆಯೋಣ ಎಂಬ ಯೋಚನೆ ಸಹಜವೇ. ಆದರೆ ಕೊನೆಯ ನಾಲ್ಕು ದಿನದ ಬಿಡುವು ಮುಗಿಯುವ ಮೊದಲೇ ಲಿಸ್ಟ್ ಮುಗಿದುಹೋಯಿತು, ಅದನ್ನು ಅಳೆಯಲು ಯಾರೂ ಉಳಿಯಲಿಲ್ಲ. ತಪ್ಪು ಇರುವುದು ಬರೀ ಆ ಸಾಲು ಕೂತ ಜಾಗದಲ್ಲಿ. ಕೆಂಪು ಅಕ್ಷರ ಬರುವುದಿಲ್ಲ, ಎಚ್ಚರಿಕೆ ಇರುವುದಿಲ್ಲ, 2 ಎಂದು ಶಾಂತವಾಗಿ ತೋರಿಸುತ್ತದೆ. ಡೈರಿ ಪಕ್ಕದಲ್ಲಿದ್ದು ಕಣ್ಣಲ್ಲೇ ಎಣಿಸಿದ್ದರೆ ಮಾತ್ರ ಸಿಕ್ಕಿಬೀಳುವ ತಪ್ಪು ಇದು.

ಚಾಟ್‌ಜಿಪಿಟಿ ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಡುತ್ತದೆ, ಗೊತ್ತು. ಬೇರೆ ಕೆಲಸಕ್ಕೆ ಬಳಸಿ, ಮಾರಾಯ್ರೆ, ಇದಕ್ಕೆ ಬೇಡ. ದೋಷದ ಸಂದೇಶ ಅರ್ಥವಾಗದಿದ್ದರೆ ಅದನ್ನು ಕನ್ನಡದಲ್ಲಿ ವಿವರಿಸು ಎಂದು ಕೇಳಿ. ನೀವು ಬರೆದು ಮುಗಿಸಿದ ಮೇಲೆ ಇದನ್ನು ಬೇರೆ ಹೇಗೆ ಬರೆಯಬಹುದಿತ್ತು ಎಂದು ಕೇಳಿ. ಮೊದಲೇ ಬರೆಸಿಕೊಂಡರೆ ಹಾಳೆಯ ಮೇಲಿನ ಎರಡು ಕಾಲಂ ನಿಮ್ಮ ತಲೆಯಲ್ಲಿ ಮೂಡುವುದೇ ಇಲ್ಲ.

ದೋಷ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ. ನೇಮ್ ಎರರ್ ಎಂದರೆ ಬಹುತೇಕ ಕಾಗುಣಿತ, ಒಂದು ಕಡೆ ‘ಮಳೆ’, ಇನ್ನೊಂದು ಕಡೆ ‘ಮಳೇ’. ಇಂಡೆಂಟೇಶನ್ ಎರರ್ ಎಂದರೆ ಸಾಲಿನ ಮೊದಲ ಖಾಲಿ ಜಾಗ ಎಡವಟ್ಟಾಗಿದೆ. ಸಿಂಟ್ಯಾಕ್ಸ್ ಎರರ್ ಬಂದು ತೋರಿಸಿದ ಸಾಲು ಸರಿಯಾಗಿಯೇ ಕಂಡರೆ ಅದರ ಮೇಲಿನ ಸಾಲಿನಲ್ಲಿ ಮುಚ್ಚದೆ ಬಿಟ್ಟ ಆವರಣ ಹುಡುಕಿ.

ಡೈರಿಯ ಕಿತಾಪತಿ

ಡೈರಿಯನ್ನು ಪೂರ್ತಿ ಹಾಕಿಕೊಳ್ಳುವಾಗ ಪಠ್ಯಪುಸ್ತಕದಲ್ಲಿ ಇಲ್ಲದ ಸಮಸ್ಯೆಗಳು ಬರುತ್ತವೆ. ಒಂದು ದಿನ ಅಳತೆಯ ಜಾಗದಲ್ಲಿ ‘ಹನಿ’ ಎಂದಿರುತ್ತದೆ. ಇನ್ನೊಂದು ದಿನ ಖಾಲಿ. ಮತ್ತೊಂದು ದಿನ ‘ಮದುವೆಗೆ ಹೋಗಿದ್ದೆವು’, ಅದರ ಮರುದಿನ 6 ಇಂಚು. ಅದು ಎರಡು ದಿನದ ನೀರು, ಒಂದೇ ದಿನದ್ದೆಂದು ಬರೆದರೆ ಅತಿ ಭಾರಿ ಮಳೆಯ ಸುಳ್ಳು ದಾಖಲೆ ಹುಟ್ಟುತ್ತದೆ. ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಡಿ, ಮಳೆ ಬರಲಿಲ್ಲ ಎನ್ನುವುದೂ ಅಳೆಯಲಿಲ್ಲ ಎನ್ನುವುದೂ ಬೇರೆ ಬೇರೆ. ಪೈಥಾನಿನಲ್ಲಿ ಏನೂ ಇಲ್ಲ ಎನ್ನಲು ನನ್ (None, ಇದರ ಮೊದಲಕ್ಷರ ಮಾತ್ರ ದೊಡ್ಡದು) ಎಂಬ ಪದ ಇದೆ. ಅದನ್ನು ಸಂಖ್ಯೆಗೆ ಕೂಡಿಸಲು ಹೋದರೆ ಟೈಪ್ ಎರರ್ ಬಂದು ಪ್ರೋಗ್ರಾಮು ನಿಲ್ಲುತ್ತದೆ. ನಿಲ್ಲಲಿ, ಆಗ ಆ ದಿನವನ್ನು ಏನು ಮಾಡಬೇಕೆಂದು ನೀವು ತೀರ್ಮಾನ ಮಾಡಲೇಬೇಕಾಗುತ್ತದೆ.

ದಿನಾಂಕವನ್ನು 2024-06-05 ಹೀಗೆ ವರ್ಷ, ತಿಂಗಳು, ದಿನ ಕ್ರಮದಲ್ಲಿ, ಒಂಟಿ ಅಂಕಿಯ ಹಿಂದೆ ಸೊನ್ನೆ ಇಟ್ಟು ಬರೆಯಿರಿ. ಪಠ್ಯವಾಗಿ ಹೋಲಿಸಿದರೂ ಹಿಂದು ಮುಂದು ಸರಿಯಾಗಿ ಬರುತ್ತದೆ. 5/6, 21/6 ಎಂದು ಬರೆದರೆ ಇಪ್ಪತ್ತೊಂದನೇ ತಾರೀಕು ಐದಕ್ಕಿಂತ ಮೊದಲು ಬಂದುಬಿಡುತ್ತದೆ, ಏಕೆಂದರೆ ಪಠ್ಯದಲ್ಲಿ 2 ಎಂಬುದು 5ಕ್ಕಿಂತ ಮುಂಚೆ.

ಇದಾದ ಮೇಲೆ ಡಿಕ್ಷನರಿ, ಅಂದರೆ ಒಂದೊಂದು ಹೆಸರಿಗೂ ಒಂದು ಬೆಲೆ ಜೋಡಿಸಿಡುವ ಪಟ್ಟಿ. ಇದಕ್ಕೆ ನಮ್ಮ ಹಿರಿಯರ ಮಳೆ ನಕ್ಷತ್ರಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖಾ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಜೂನ್ 21–22ರ ಸುಮಾರಿಗೆ, ಪುನರ್ವಸು ಜುಲೈ 5–6ರ ಸುಮಾರಿಗೆ ಹುಟ್ಟುತ್ತದೆ. ಆ ವರ್ಷದ ಪಂಚಾಂಗ ನೋಡಿ ಶುರುವಿನ ದಿನಾಂಕ ಬರೆದುಕೊಳ್ಳಿ. ನಕ್ಷತ್ರದ ಹೆಸರು ಕೀಲಿ, ಆ ನಕ್ಷತ್ರದಲ್ಲಿ ಬಿದ್ದ ಒಟ್ಟು ಸೆಂಟು ಅದರ ಬೆಲೆ. ಎಲ್ಲ ನಕ್ಷತ್ರಕ್ಕೂ ಮೊದಲು ಸೊನ್ನೆ ಇಟ್ಟು ಶುರು ಮಾಡಿ, ಇಲ್ಲದಿದ್ದರೆ ಕೀ ಎರರ್ ಬರುತ್ತದೆ. ಮುಗಿದ ಮೇಲೆ ಆರಿದ್ರಾ ಮಳೆಯ ಬಗ್ಗೆ ಮನೆಯ ಹಿರಿಯರು ಏನು ಹೇಳುತ್ತಾರೋ ಕೇಳಿ, ನಿಮ್ಮ ಅಂಕಿ ತೋರಿಸಿ. ವಾದ ಗ್ಯಾರಂಟಿ.

ಕನ್ನಡ ಐಚ್ಛಿಕದವರಿಗೆ ಹೇಳುತ್ತೇನೆ ಎಂದಿದ್ದೆ. ಭಾಮಿನಿ ಷಟ್ಪದಿಯ ಒಂದು ಪದ್ಯ ತೆಗೆದುಕೊಂಡು ಸಾಲಿಗೆ ಎಷ್ಟು ಮಾತ್ರೆ ಎಂದು ಪ್ರೋಗ್ರಾಮಿನಿಂದ ಎಣಿಸಿ. 14, 14, 23, 14, 14, 23 ಬರಬೇಕು, ಒಟ್ಟು 102. ಉತ್ತರ ನಿಮಗೆ ಪಿಯುಸಿಯಿಂದಲೇ ಗೊತ್ತು. ‘ಕನ್ನಡ’ ಪದಕ್ಕೆ ಲೆನ್ (ಎಷ್ಟು ಅಕ್ಷರ ಉದ್ದ ಎಂದು ಹೇಳುವ ಆಜ್ಞೆ) ಕೇಳಿದರೆ 3 ಬರದೆ 5 ಬರುತ್ತದೆ, ಏಕೆಂದರೆ ‘ನ್ನ’ ಎಂಬುದು ಯಂತ್ರದೊಳಗೆ ನ, ಹಲಂತ ಚಿಹ್ನೆ, ನ ಎಂದು ಮೂರಾಗಿ ಕೂತಿದೆ. ಹಾಗಾಗಿ ಲಘು ಗುರು ಹಾಕುವ ಮೊದಲು ಅಕ್ಷರ ಬಿಡಿಸುವ ಫಂಕ್ಷನ್ (ಹೆಸರಿಟ್ಟು ಮತ್ತೆ ಮತ್ತೆ ಕರೆಯಬಹುದಾದ ಸಣ್ಣ ಪ್ರೋಗ್ರಾಮು) ಬರೆಯಬೇಕು, ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮ ಅದರ ಮೇಲೆ. ಬಿಸಿಎ ಹುಡುಗರಿಗೆ ಇದನ್ನು ಸವಾಲು ಹಾಕಿ ನೋಡಿ. ಛಂದಸ್ಸು ಗೊತ್ತಿರುವ ನೀವೇ ಮುಂದಿರುತ್ತೀರಿ.

ವಿಡಿಯೊ ಪಾಠ ಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ, ಕೆಲವು ವಿಷಯಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಸ್ವಯಂ ಜಾಲತಾಣದ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಸರ್ಟಿಫಿಕೇಟ್ ಬೇಕಾದರೆ ತೆಗೆದುಕೊಳ್ಳಿ, ನನಗೇನೂ ತಕರಾರಿಲ್ಲ, ಆದರೆ ಸಂದರ್ಶನದಲ್ಲಿ ಡೈರಿಯ ಕಥೆ ಹೇಳುವವರನ್ನು ಜನ ಹೆಚ್ಚು ಹೊತ್ತು ಮಾತಾಡಿಸುತ್ತಾರೆ. ದಿನಕ್ಕೆ ಅರ್ಧ ಗಂಟೆ ಬೆರಳಾಡಿಸಿ. ಭಾನುವಾರ ಆರು ಗಂಟೆ ವಿಡಿಯೊ ನೋಡಿದರೆ ಸೋಮವಾರಕ್ಕೆ ಏನೂ ಉಳಿಯುವುದಿಲ್ಲ. ಪಾಂಡಾಸ್ (ಪಟ್ಟಿಗಳ ಲೆಕ್ಕಕ್ಕೆಂದು ಪೈಥಾನಿಗೆ ಸೇರಿಸಿಕೊಳ್ಳುವ ಸಿದ್ಧ ಸಾಮಗ್ರಿ) ಕಲಿ, ಎರಡು ಸಾಲಲ್ಲಿ ಎಲ್ಲ ಆಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ಆಗುತ್ತದೆ. ಬಿಡುವಿನ ಲೆಕ್ಕವನ್ನು ಕೈಯಾರೆ ಬರೆದ ಮೇಲೆ ಕಲಿಯಿರಿ.

ಕೊಲ್ಯಾಬಿನಲ್ಲಿ ಕೆಲಸ ಮಾಡುವವರು ಒಂದು ನೆನಪಿಡಿ: ನೀವು ಬರೆದ ಪ್ರೋಗ್ರಾಮು ಗೂಗಲ್ ಡ್ರೈವಿನಲ್ಲಿ ಉಳಿಯುತ್ತದೆ, ಆದರೆ ಪಕ್ಕದಲ್ಲಿ ಅಪ್‌ಲೋಡ್ ಮಾಡಿದ ಫೈಲು ಸೆಷನ್ ಮುಗಿದೊಡನೆ ಅಳಿಸಿಹೋಗುತ್ತದೆ. ಇಡೀ ಮಳೆಗಾಲದ ಲೆಕ್ಕ ಬೆರಳಚ್ಚು ಮಾಡಿದ ಫೈಲನ್ನು ಡ್ರೈವಿನಲ್ಲೇ ಇಡಿ, ಒಂದು ಪ್ರತಿ ಪೆನ್‌ಡ್ರೈವಿಗೂ ಹಾಕಿಕೊಳ್ಳಿ, ಡೈರಿಯನ್ನು ಅಜ್ಜನಿಗೆ ವಾಪಸ್ ಕೊಡಿ.